ಕೇಳಿ, ಹೇಳುತ್ತೇವೆ: ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಮೊದಲ ಆಲ್ಬಂ

ಪ್ರಶ್ನೆ: ‘ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್’ ಆಲ್ಬಮ್ಮಿನ ‘ಇಂಟರ್‌ಸ್ಟೆಲ್ಲರ್ ಓವರ್‌ಡ್ರೈವ್’ ಕೇಳುವಾಗ ಕೊನೆಯಲ್ಲಿ ಶಬ್ದ ಎಡಕ್ಕೂ ಬಲಕ್ಕೂ ಓಡಾಡುತ್ತದೆ. ಹೆಡ್‌ಫೋನ್ ಕೆಟ್ಟಿದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಹೆಡ್‌ಫೋನ್ ಸರಿಯಾಗಿಯೇ ಇದೆ, ನೀವು ಕೇಳುತ್ತಿರುವುದು ಸ್ಟೀರಿಯೋ ಮಿಕ್ಸ್, ಅಂದರೆ ಎಡಬಲ ಕಿವಿಗೆ ಶಬ್ದವನ್ನು ಬೇರೆ ಬೇರೆಯಾಗಿ ಹಂಚಿದ ಜೋಡಣೆ. 1967ರಲ್ಲಿ ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೋದಲ್ಲಿ ನಾಲ್ಕು ಟ್ರ್ಯಾಕಿನ ಟೇಪಿಗೆ ಧ್ವನಿಮುದ್ರಿಸಿಕೊಂಡು, ಎರಡೂ ಕಿವಿಗೆ ಒಂದೇ ಶಬ್ದ ಕೊಡುವ ಮೋನೋಗೆ ಒಂದು, ಸ್ಟೀರಿಯೋಗೆ ಇನ್ನೊಂದು ಎಂದು ಎರಡು ಮಿಕ್ಸ್ ಮಾಡಿದರು. ನಿರ್ಮಾಪಕ ನಾರ್ಮನ್ ಸ್ಮಿತ್, ಅದಕ್ಕೂ ಮುಂಚೆ ಬೀಟಲ್ಸ್‌ಗೆ ಎಂಜಿನಿಯರ್ ಆಗಿದ್ದವರು. ಸ್ಟೀರಿಯೋದಲ್ಲಿ ಕೊನೆಯ ರಿಫ್ಫನ್ನು (ಮತ್ತೆ ಮತ್ತೆ ಬರುವ ಸ್ವರಗುಚ್ಛವನ್ನು) ಬೇಕೆಂದೇ ಆ ಕಿವಿಯಿಂದ ಈ ಕಿವಿಗೆ ಓಡಿಸಿದ್ದಾರೆ. ಮೋನೋದಲ್ಲಿ ಆ ಓಟಕ್ಕೆ ಜಾಗವೇ ಇಲ್ಲ. ಬದಲಿಗೆ ಮೊದಲ ಒಂದು ನಿಮಿಷ ಆರ್ಗನ್ ಎದ್ದು ಕೇಳುತ್ತದೆ. ನಮ್ಮ ಮತ ಮೋನೋಗೇ: ಗಿಟಾರ್, ಬೇಸ್, ಡ್ರಮ್ ಒಂದೇ ಕೋಣೆಯಲ್ಲಿ ಒಟ್ಟಿಗೆ ಮೈಮೇಲೆ ಬಂದಂತೆ ಕೇಳುತ್ತದೆ.

ಒಂದು ಎಚ್ಚರಿಕೆ. ಫೋನಿನಲ್ಲಿ ‘ಮೋನೋ ಆಡಿಯೋ’ ಆನ್ ಮಾಡಿದರೆ ಆ ಮಿಕ್ಸ್ ಸಿಗುವುದಿಲ್ಲ. ಅದು ಸ್ಟೀರಿಯೋದ ಎರಡು ಬದಿಯನ್ನು ಕೂಡಿಸುತ್ತದೆ ಅಷ್ಟೆ. ವಾದ್ಯಗಳ ಹೆಚ್ಚುಕಡಿಮೆ ಬದಲಾಗದು. ನಿಜವಾದ ಮೋನೋ ಬೇಕಿದ್ದರೆ 2007ರ ನಲವತ್ತನೇ ವರ್ಷದ ಸಿಡಿ ಸೆಟ್ ಹುಡುಕಿ, ಎರಡೂ ಅದರಲ್ಲಿವೆ. ಹಳೆಯ ಬ್ರಿಟಿಷ್ ಎಲ್‌ಪಿ ಕೊಳ್ಳುವವರು ಲೇಬಲ್ಲಿನ ಸಂಖ್ಯೆ ನೋಡಿ: ಎಸ್‌ಎಕ್ಸ್ 6157 ಎಂದರೆ ಮೋನೋ, ಎಸ್‌ಸಿಎಕ್ಸ್ 6157 ಎಂದರೆ ಸ್ಟೀರಿಯೋ.

ಪ್ರಶ್ನೆ: ಈ ಆಲ್ಬಮ್ಮಿನ ಗಿಟಾರ್ ವಾದಕ ಸಿಡ್ ಬ್ಯಾರೆಟ್ ಗಿಟಾರಿನ ಆ ಪ್ರತಿಧ್ವನಿಯನ್ನು ಸಾಮಾನ್ಯ ಡಿಲೇ ಪೆಡಲ್‌ನಲ್ಲಿ ತರಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಹತ್ತಿರ ಹತ್ತಿರ ತರಬಹುದು. ಅವರು ಬಳಸಿದ್ದು ಇಟಲಿಯ ಬಿನ್ಸನ್ ಎಕೋರೆಕ್ ಎಂಬ ಪ್ರತಿಧ್ವನಿ ಯಂತ್ರ. ಅದರೊಳಗೆ ಟೇಪ್ ಇಲ್ಲ. ತಿರುಗುವ ಕಾಂತೀಯ ಚಕ್ರದ ಸುತ್ತ ಒಂದು ರೆಕಾರ್ಡಿಂಗ್ ಹೆಡ್, ಅದರ ಮುಂದೆ ನಾಲ್ಕು ಪ್ಲೇಬ್ಯಾಕ್ ಹೆಡ್. ಚಕ್ರದ ವೇಗ ಬದಲಾಗದು, ಹಾಗಾಗಿ ಯಾವ ಹೆಡ್ ಆರಿಸಿದಿರಿ ಎಂಬುದರ ಮೇಲೆ ಅಂತರ ನಿಲ್ಲುತ್ತದೆ: ಸುಮಾರು 75, 150, 225, 300 ಮಿಲಿಸೆಕೆಂಡ್.

ಒಂದೇ ಡಿಲೇ ಪೆಡಲ್ (ಸ್ವರವನ್ನು ತಡವಾಗಿ ಮರುಕಳಿಸುವ ಸಾಧನ) ಇದ್ದರೆ 300ಕ್ಕೆ ಇಟ್ಟು, ಫೀಡ್‌ಬ್ಯಾಕನ್ನು ಮೂರು ಸಲ ಮರುಕಳಿಸಿ ಕರಗುವಷ್ಟಕ್ಕೆ ಮಾತ್ರ ಏರಿಸಿ. ಇನ್ನೂ ಏರಿಸಿದರೆ ಪ್ರತಿಧ್ವನಿ ತನ್ನ ಮೇಲೆ ತಾನೇ ಬಿದ್ದು ಊಳಿಡತೊಡಗುತ್ತದೆ. ಎರಡು ಪೆಡಲ್ ಇದ್ದರೆ 225 ಮತ್ತು 300. ಆದರೆ ಒಂದರ ಹಿಂದೆ ಒಂದು ಜೋಡಿಸಿದಾಗ 525ರಲ್ಲಿ ಬೇಡದ ಮೂರನೆಯದೊಂದು ಹುಟ್ಟುತ್ತದೆ. ಸಾಧ್ಯವಿದ್ದರೆ ಸಿಗ್ನಲ್ ಸೀಳಿ ಸಮಾನಾಂತರವಾಗಿ ಕೊಡಿ. ಓವರ್‌ಡ್ರೈವ್ (ದನಿಯನ್ನು ಒರಟುಗೊಳಿಸುವ ಪೆಡಲ್) ಡಿಲೇಗಿಂತ ಮುಂಚೆಯೇ ಬರಲಿ, ಹಿಂದು ಮುಂದಾದರೆ ಪ್ರತಿಧ್ವನಿಗಳೆಲ್ಲ ಕಲಸಿಹೋಗುತ್ತವೆ. ಡಿಜಿಟಲ್ ಪೆಡಲ್ ವಿಪರೀತ ಶುಭ್ರ. ಟೋನ್ ಗುಬುಟಿ ಇದ್ದರೆ ಟ್ರೆಬಲ್ ತಗ್ಗಿಸಿ. ತಂತಿಯ ಮೇಲೆ ಜಾರುವ ಸ್ವರಗಳಿಗೆ ಸಿಡ್ ಬಳಸಿದ್ದು ಲೋಹದ ಜಿಪ್ಪೋ ಲೈಟರ್. ಬೆರಳಿಗೆ ತೊಡುವ ಗಾಜಿನ ಸ್ಲೈಡ್‌ಗಿಂತ ಅದರ ದನಿ ಒರಟು.

ಪ್ರಶ್ನೆ: ನನ್ನ ಪ್ರತಿಯಲ್ಲಿ ಒಂಬತ್ತೇ ಹಾಡು, ಮೊದಲನೆಯದು ‘ಸೀ ಎಮಿಲಿ ಪ್ಲೇ’. ನಕಲಿಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹಾಡುಗಳ ಪಟ್ಟಿಯೊಂದನ್ನೇ ನೋಡಿ ನಕಲಿ ಎನ್ನಬೇಡಿ. 1967ರ ಅಕ್ಟೋಬರ್‌ನಲ್ಲಿ ಅಮೆರಿಕದ ಟವರ್ ಲೇಬಲ್ ಬಿಡುಗಡೆ ಮಾಡಿದ ಆವೃತ್ತಿ ಹೀಗೇ ಇದೆ. ಬ್ರಿಟನ್ನಿನ ಹನ್ನೊಂದರಲ್ಲಿ ‘ಆಸ್ಟ್ರಾನಮಿ ಡಾಮಿನೆ’, ‘ಫ್ಲೇಮಿಂಗ್’, ‘ಬೈಕ್’ ಮೂರನ್ನೂ ತೆಗೆದು, ಸಿಂಗಲ್ ಆಗಿ (ಬಿಡಿ ಹಾಡಾಗಿ) ಬಂದಿದ್ದ ‘ಸೀ ಎಮಿಲಿ ಪ್ಲೇ’ ಸೇರಿಸಿದರು. ಮೂಲದಲ್ಲಿ ಮೆಗಾಫೋನಿನ ದನಿಯಿಂದ ತೆರೆದು, ಗಡಿಯಾರ, ಗಂಟೆಗಳ ಗದ್ದಲದಲ್ಲಿ ಮುಗಿಯುವ ಆಲ್ಬಂ ಇದು. ಆ ತಲೆಯೂ ಬಾಲವೂ ನಿಮ್ಮ ಪ್ರತಿಯಲ್ಲಿಲ್ಲ. ಬ್ರಿಟಿಷ್ ಆವೃತ್ತಿಯನ್ನೂ ಕೇಳಲೇಬೇಕು.