ಅರ್ಜಿ ಮಗುವಿನ ಹೆಸರಲ್ಲಿರಲಿ

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಂದು ಹಾವೇರಿ ಜಿಲ್ಲಾ, ಗೌಂಡಿ ಕೆಲಸ. ಮನ್ಯಾಕಿ ತೀರಿಕೊಂಡು ಈ ದೀಪಾವಳಿಗೆ ವರ್ಷ ಆಗ್ತೈತ್ರಿ. ಮಗಳು ನಾಕನೇ ಇಯತ್ತೆ, ಮಗ ಇನ್ನೂ ನಾಕು ವರ್ಷದಾಂವ. ಮೊದಲ ವಾರಕ್ಕ ಆರು ದಿನ ದುಡೀತಿದ್ದೆ. ಈಗ ಬಾಜೂ ಮನಿ ಅವ್ವಾರು ಹುಡುಗನ್ನ ನೋಡ್ಕೊಂಡ್ರ ವಾರಕ್ಕ ಎರಡು ದಿನ ಹೋಗ್ತೀನಿ, ಮಳಿಗಾಲದಾಗ ಅದೂ ಇಲ್ಲ. ಪಗಾರ ದಿನಕ್ಕ ಏಳ್ನೂರು. ಮನ್ಯಾಕಿ ಖಾತೆಗೆ ಬರೋ ಗೃಹಲಕ್ಷ್ಮಿ ಎರಡು ಸಾವಿರ ಬಂದ್ ಆತು. ನಮ್ಮವ್ವ ಅಣ್ಣನ ಮನ್ಯಾಗ ಅದಾಳ. ಆಕಿ ಹೆಸರು ನಮ್ಮ ರೇಶನ್ ಕಾರ್ಡಿಗೆ ಹಾಕ್ಸಿದ್ರ ರೊಕ್ಕ ಚಾಲೂ ಆಗ್ತೈತಿ ಅಂತ ಸೈಬರ್‌ನಾಂವ ಹೇಳ್ಯಾನ. ಕಚೇರಿಗೆ ಹೋದ್ರ ‘ವಿಧವೆಯರಿಗೆ ಐತಿ, ಗಂಡಸರಿಗೆ ಏನೂ ಇಲ್ಲ’ ಅಂದ್ರು. ಖರೇನ ಏನೂ ಇಲ್ಲೇನ್ರಿ?

ಉತ್ತರ: ತಮ್ಮಾ, ಕಚೇರಿಯವರು ಹೇಳಿದ್ದರಲ್ಲಿ ಅರ್ಧ ಖರೆ. ಹೆಂಡತಿ ಕಳೆದುಕೊಂಡ ಗಂಡಸಿಗೆಂದೇ ತಿಂಗಳ ಪಿಂಚಣಿ ನಮ್ಮ ರಾಜ್ಯದಲ್ಲಿಲ್ಲ. ಹರಿಯಾಣದವರು 2023ರಲ್ಲಿ ನಲವತ್ತು ದಾಟಿದ ಬಡ ವಿಧುರರಿಗೂ ಪಿಂಚಣಿ ತಂದರು. ನಮ್ಮಲ್ಲಿ ಅದು ವಿಧವೆಯರಿಗೇ ನಿಂತಿದೆ. ಆದರೆ ನಿಮ್ಮ ಮನೆಯಲ್ಲಿ ಮಕ್ಕಳಿದ್ದಾರಲ್ಲ, ಕಚೇರಿಯವರು ಅವರನ್ನು ಎಣಿಸಲೇ ಇಲ್ಲ.

ಮೊದಲು ಮನೆಯಲ್ಲೇ ಹುಡುಕುವ ಕೆಲಸ ಇದೆ. ನಿಮ್ಮ ಹೆಂಡತಿಯ ಪಾಸ್‌ಬುಕ್ ತೆಗೆಯಿರಿ. ಎಂಟ್ರಿ ಹಾಕಿಸಿರದಿದ್ದರೆ ಬ್ಯಾಂಕಿಗೆ ಹೋಗಿ ಹಾಕಿಸಿ. ತೀರಿಕೊಳ್ಳುವ ಮುಂಚಿನ ಮೇ ಕೊನೆ, ಜೂನ್ ಮೊದಲ ವಾರದ ಸಾಲುಗಳ ಮೇಲೆ ಬೆರಳಿಟ್ಟು ನೋಡಿ. 436 ರೂಪಾಯಿ ಕಡಿತವಾಗಿದೆಯೇ? ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ವರ್ಷದ ಕಂತು. ಸಾವಿನ ಕಾರಣ ಏನೇ ಇರಲಿ, ನಾಮಿನಿಗೆ ಎರಡು ಲಕ್ಷ ಬರಬೇಕು. 20 ರೂಪಾಯಿ ಮಾತ್ರ ಕಡಿತವಾಗಿದ್ದರೆ ಅದು ಅಪಘಾತದ ವಿಮೆ, ಬೇರೆ ಮಾತು. ಸ್ತ್ರೀಶಕ್ತಿ ಸಂಘದಲ್ಲಿದ್ದ ಎಷ್ಟೋ ಹೆಣ್ಣುಮಕ್ಕಳು ಖಾತೆ ತೆರೆದ ದಿನ ಬ್ಯಾಂಕಿನವರು ತೋರಿಸಿದಲ್ಲಿ ಸಹಿ ಹಾಕಿರುತ್ತಾರೆ, ಗಂಡನಿಗೆ ಗೊತ್ತೇ ಇರುವುದಿಲ್ಲ. ಕ್ಲೇಮನ್ನು ತಿಂಗಳೊಳಗೆ ಕೊಡಿ ಎನ್ನುತ್ತಾರೆ. ನಿಮಗೆ ವರ್ಷವಾಗುತ್ತಾ ಬಂತು. ಆದರೂ ಮರಣ ಪ್ರಮಾಣಪತ್ರ ಹಿಡಿದು ಹೋಗಿ, ಬಾಯಿಮಾತಿಗೆ ವಾಪಸ್ ಬರಬೇಡಿ; ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಎರಡನೆಯದು ರಾಷ್ಟ್ರೀಯ ಕುಟುಂಬ ನೆರವು ಯೋಜನೆ. ಬಿಪಿಎಲ್ ಮನೆಯಲ್ಲಿ ದುಡಿಯುವವರು ಅರವತ್ತರೊಳಗೆ ತೀರಿಕೊಂಡರೆ ಒಂದೇ ಗಂಟಿನಲ್ಲಿ 20,000 ರೂಪಾಯಿ. ‘ನಿಮ್ಮ ಮನೆಯವರು ದುಡೀತಿರಲಿಲ್ವಲ್ಲ, ಮನೆಯಲ್ಲೇ ಇದ್ರಲ್ಲ’ ಎಂದು ಯಾರಾದರೂ ಅರ್ಜಿ ಹಿಂದಕ್ಕೆ ತಳ್ಳಿದರೆ ಈ ಮಾತು ನೆನಪಿರಲಿ: ಮನೆವಾರ್ತೆ ನೋಡಿಕೊಳ್ಳುವ ಗೃಹಿಣಿಯನ್ನೂ ಕುಟುಂಬದ ಅನ್ನದಾತೆ ಎಂದೇ ಎಣಿಸಬೇಕು ಎಂದು ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ನಾನು ಓದಿದ ಸರ್ಕಾರಿ ಕಾಗದಗಳಲ್ಲಿ ಮನಸ್ಸಿಗೆ ಹಿಡಿಸಿದ ಕೆಲವೇ ಸಾಲುಗಳಲ್ಲಿ ಅದೊಂದು. ಒಲೆ ಹಚ್ಚಿ, ಮಕ್ಕಳನ್ನು ತೊಳೆದು, ನೀರು ಹೊತ್ತು ತರುವವಳು ಹೋದ ಮೇಲೆ ನಿಮ್ಮ ಆರು ದಿನದ ದುಡಿಮೆ ಎರಡು ದಿನಕ್ಕೆ ಇಳಿಯಿತಲ್ಲ, ಅದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಾಡಕಚೇರಿಯಲ್ಲಿ ಅರ್ಜಿ ಕೊಡಿ, ವರ್ಷ ತುಂಬುವವರೆಗೆ ಕಾಯಬೇಡಿ.

ಟ್ರಂಕಿನಲ್ಲಿ ಇನ್ನೊಂದು ಕಾಗದ ಇರಬಹುದು: ಮಗಳ ಭಾಗ್ಯಲಕ್ಷ್ಮಿ ಬಾಂಡ್. ಆಕೆ ಹುಟ್ಟಿದ ವರ್ಷ ನೋಡಿದರೆ ಹಳೆಯ ಯೋಜನೆಯೊಳಗೇ ಬರುತ್ತಾಳೆ. ಆಕೆಗೆ ಹದಿನೆಂಟು ತುಂಬಿದಾಗ ಲಕ್ಷದ ಆಸುಪಾಸು ಕೈಗೆ ಬರುತ್ತದೆ, ಅಲ್ಲಿಯವರೆಗೆ ಮದುವೆ ಆಗಿರಬಾರದು. ಬಾಂಡ್ ಸಿಗದಿದ್ದರೆ ಮಗಳು ಹುಟ್ಟಿದಾಗ ಹೆಸರು ಬರೆಸಿದ ಅಂಗನವಾಡಿಯಲ್ಲಿ ವಿಚಾರಿಸಿ.

ಇನ್ನು ಸೈಬರ್‌ನವನ ಸಲಹೆ. ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದಾಗಿನಿಂದ ಆ 2,000 ರೂಪಾಯಿ ರೇಶನ್ ಕಾರ್ಡಿನಲ್ಲಿ ಯಜಮಾನಿ ಎಂದು ಯಾರ ಹೆಸರಿದೆಯೋ ಅವರಿಗೇ. ನಿಮ್ಮವ್ವ ನಿಜವಾಗಿಯೂ ಬಂದು ಮೊಮ್ಮಕ್ಕಳ ಜೊತೆ ಇರುತ್ತಾರೆ ಎಂದಾದರೆ ಅಣ್ಣನ ಕಾರ್ಡಿನಿಂದ ಹೆಸರು ತೆಗೆಸಿ ನಿಮ್ಮದಕ್ಕೆ ಸೇರಿಸುವುದರಲ್ಲಿ ತಪ್ಪೇನೂ ಇಲ್ಲ. ಆಗ ಆಕೆಯೇ ಯಜಮಾನಿ, ಆಕೆಯೇ ಅರ್ಜಿ ಹಾಕಬಹುದು. ಅವ್ವ ಅಲ್ಲೇ, ಹೆಸರು ಮಾತ್ರ ಇಲ್ಲಿ ಎಂಬ ಆಟ ಬೇಡ. ಎರಡು ಸಾವಿರಕ್ಕೆ ಹೋಗಿ ಅಕ್ಕಿ ಕಾರ್ಡನ್ನೇ ಕಳೆದುಕೊಂಡವರನ್ನು ಕಂಡಿದ್ದೇನೆ. ತೀರಿಕೊಂಡವರ ಹೆಸರನ್ನು ಕಾರ್ಡಿನಿಂದ ತೆಗೆಸಿ. ಆಕೆಯ ಎಟಿಎಂ ಕಾರ್ಡ್ ಬಳಸುವುದನ್ನೂ ನಿಲ್ಲಿಸಿ. ‘ಯಜಮಾನಿ ಇಲ್ಲದಿದ್ದರೆ ಕಾರ್ಡ್ ರದ್ದಾಗುತ್ತದೆ’ ಎಂದು ಹೆದರಿಸಿದರೆ ನಂಬಬೇಡಿ. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ನಿಮ್ಮಂಥ ಮನೆಗೆಂದೇ ಬರೆದಂತಿದೆ: ಹದಿನೆಂಟು ತುಂಬಿದ ಹೆಂಗಸು ಮನೆಯಲ್ಲಿಲ್ಲ, ಚಿಕ್ಕ ಹುಡುಗಿ ಇದ್ದಾಳೆ ಎಂದರೆ ಹಿರಿಯ ಗಂಡಸಿನ ಹೆಸರಲ್ಲಿ ಕಾರ್ಡ್ ಇರುತ್ತದೆ, ಹುಡುಗಿಗೆ ಹದಿನೆಂಟಾದ ಮೇಲೆ ಆಕೆಯೇ ಯಜಮಾನಿ. ಈಗ ನಾಲ್ಕನೇ ಇಯತ್ತೆಯಲ್ಲಿ ಮಗ್ಗಿ ಹೇಳುತ್ತಿರುವ ನಿಮ್ಮ ಮಗಳ ಪರವಾಗಿ ಅಲ್ಲಿಯವರೆಗೆ ನೀವು ಕೂತಿದ್ದೀರಿ ಅಂದುಕೊಳ್ಳಿ.

ಈಗ ತಿಂಗಳ ಖರ್ಚಿನ ಮಾತು. ಮಕ್ಕಳ ರಕ್ಷಣೆಯ ‘ಮಿಷನ್ ವಾತ್ಸಲ್ಯ’ ಯೋಜನೆಯಡಿ ಪ್ರಾಯೋಜಕತ್ವ ಎಂಬುದೊಂದಿದೆ. ಮಗು ಹಾಸ್ಟೆಲ್ಲಿಗೋ ಬಾಲಮಂದಿರಕ್ಕೋ ಹೋಗದೆ ಸ್ವಂತ ಮನೆಯಲ್ಲೇ ಬೆಳೆಯಲಿ ಎಂದು ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಯಾರ ಮಕ್ಕಳಿಗೆ ಎಂಬ ಪಟ್ಟಿಯಲ್ಲಿ ‘ತಾಯಿ ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ಕೈಬಿಟ್ಟವಳು’ ಎಂದು ಬಿಡಿಸಿ ಬರೆದಿದ್ದಾರೆ. ‘ತಂದೆ ವಿಧುರ’ ಎಂದು ಬರೆದಿಲ್ಲ. ನಿಮ್ಮನ್ನು ವಾಪಸ್ ಕಳಿಸಿದ್ದು ಬಹುಶಃ ಈ ಸಾಲು ನೋಡಿಯೇ. ಅದೇ ಪಟ್ಟಿಯಲ್ಲಿ ಕೆಳಗೆ, ಹಣದಿಂದಲೂ ಮೈಯಿಂದಲೂ ಮಕ್ಕಳನ್ನು ನೋಡಿಕೊಳ್ಳಲು ಆಗದ ಪೋಷಕರ ಮಕ್ಕಳು ಎಂದೂ ಇದೆ. ನೀವು ಹಿಡಿಯಬೇಕಾದ್ದು ಆ ಸಾಲನ್ನು.

ವರಮಾನದ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000. ನಿಮ್ಮ ಪತ್ರ ಇಟ್ಟುಕೊಂಡು ಲೆಕ್ಕ ಹಾಕಿದೆ. ಏಳುನೂರರಂತೆ ವಾರಕ್ಕೆರಡು ದಿನ, 52 ವಾರಕ್ಕೆ 72,800. ಮಳೆಗಾಲದ ಖಾಲಿ ದಿನ ಕಳೆದರೆ ಮಿತಿಯೊಳಗೆ ಬರುತ್ತೀರಿ. ಹೆಂಡತಿ ಇದ್ದು ಆರು ದಿನ ದುಡಿಯುತ್ತಿದ್ದಾಗಿನ ಹಳೆಯ ಆದಾಯ ಪ್ರಮಾಣಪತ್ರ ಲಗತ್ತಿಸಬೇಡಿ, ಈಗಿನ ಸ್ಥಿತಿ ಹೇಳಿ ಹೊಸದು ಮಾಡಿಸಿ.

ಅರ್ಜಿಯನ್ನು ಹಾವೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ದಾರಿ ತಿಳಿಯದಿದ್ದರೆ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ‘ನಾನು ಹೆಂಡತಿ ಕಳೆದುಕೊಂಡಿದ್ದೇನೆ, ಸಹಾಯ ಮಾಡಿ’ ಎಂದು ಶುರು ಮಾಡಬೇಡಿ. ಹೀಗೆ ಬರೆಯಿರಿ: ‘ನಾಲ್ಕು ವರ್ಷದ ನನ್ನ ಮಗನನ್ನು ಹಗಲು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಒಂಬತ್ತು ವರ್ಷದ ಮಗಳು ತಮ್ಮನನ್ನು ಹಿಡಿದುಕೊಳ್ಳಲು ಶಾಲೆ ಬಿಡುವ ಸ್ಥಿತಿ ಬರುತ್ತಿದೆ.’ ಓದುವ ಅಧಿಕಾರಿಯ ಕೈಯಲ್ಲಿರುವುದು ಮಕ್ಕಳ ಕಾಯ್ದೆ, ಅದರಲ್ಲಿ ಮಗುವಿಗೆ ಹಕ್ಕಿದೆ. ಮಗಳ ಹಾಜರಿ ತಪ್ಪದಿರಲಿ, ಅದನ್ನು ನೋಡುತ್ತಾರೆ. ಮಂಜೂರಾದರೂ ಹಣ ಪ್ರತಿ ತಿಂಗಳು ಒಂದನೇ ತಾರೀಖಿಗೆ ಬರುವ ಸಂಬಳದಂತಲ್ಲ, ಅದನ್ನು ನಂಬಿ ಸಾಲ ಎತ್ತಬೇಡಿ.

ಲೇಬರ್ ಕಾರ್ಡ್ ಇದೆಯೇ ಎಂದು ನೀವು ಬರೆದಿಲ್ಲ. ಗೌಂಡಿಗಳ ಬಳಿ ಇರುತ್ತದೆ, ನವೀಕರಣ ಮಾತ್ರ ಆಗಿರುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದಾಖಲೆ ಸಾಕು. ವಾರಕ್ಕೆರಡು ದಿನವೆಂದರೆ ವರ್ಷಕ್ಕೆ 104, ಮಳೆಗಾಲದ ಖಾಲಿ ದಿನ ಕಳೆದ ಮೇಲೂ 90 ಉಳಿಯುತ್ತದೆಯೇ ಎಂದು ಎಣಿಸಿ ನೋಡಿ. ಅಲ್ಲಿ ಹೆರಿಗೆಯ ಸಹಾಯಧನ ನೋಂದಾಯಿತ ಹೆಣ್ಣಾಳಿಗೇ ಮೀಸಲು, ಆದರೆ ಓದಿನ ಸಹಾಯಧನಕ್ಕೆ ಅಪ್ಪ ಅಮ್ಮ ಎಂಬ ಭೇದವಿಲ್ಲ. ಇಬ್ಬರು ಮಕ್ಕಳಿಗೆ ಕೇಳಬಹುದು. ದರಪಟ್ಟಿ ಬದಲಾಗುತ್ತಿರುತ್ತದೆ, ಕಾರ್ಮಿಕ ನಿರೀಕ್ಷಕರ ಕಚೇರಿಯ ಗೋಡೆಯ ಮೇಲಿನದನ್ನೇ ನೋಡಿ.

ಇಷ್ಟಾದರೂ ಮಗನನ್ನು ಹಗಲು ಎಲ್ಲಿ ಬಿಡಬೇಕು ಎಂಬುದು ಹಾಗೇ ಉಳಿಯಿತು. ನನ್ನ ಲೆಕ್ಕದಲ್ಲಿ ನಿಮ್ಮ ನಿಜವಾದ ಸಮಸ್ಯೆ ಇದೇ. ವಾರಕ್ಕೆ ಆರು ದಿನ ಕೆಲಸಕ್ಕೆ ಹೋಗಲು ಸಾಧ್ಯವಾದರೆ ಮೇಲಿನ ಅರ್ಧ ಅರ್ಜಿ ಬೇಡವೇ ಬೇಡ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬರೆದವರು ಕಟ್ಟಡದ ಜಾಗದಲ್ಲಿ ಮಕ್ಕಳಿಗೆ ಕೋಣೆ ಬೇಕು ಎಂದರು, ಸರಿ. ಆದರೆ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಎಂದರು. ಗಾರೆ ಕಲಸುವವನ ಬೆನ್ನ ಹಿಂದೆಯೂ ಒಂದು ಮಗು ಇರಬಹುದು ಎಂದು ಅವರಿಗೆ ಹೊಳೆಯಲಿಲ್ಲ. ಇತ್ತ ಕೇಂದ್ರ ಸರ್ಕಾರದ ನೌಕರನಾಗಿದ್ದರೆ, ಒಂಟಿ ತಂದೆಗೂ 2018ರಿಂದ ಶಿಶುಪಾಲನಾ ರಜೆ ಇದೆ, ಇಡೀ ಸೇವೆಯಲ್ಲಿ 730 ದಿನ. ಸಂಬಳದ ತಂದೆಯನ್ನು ತಂದೆ ಎಂದು ಗುರುತಿಸಿದ ಸರ್ಕಾರ ಕೂಲಿಯ ತಂದೆಯ ಹತ್ತಿರ ಇನ್ನೂ ಬಂದಿಲ್ಲ.

ಸದ್ಯಕ್ಕೆ ಕೈಗೆಟಕುವುದು ಅಂಗನವಾಡಿ. ನಾಲ್ಕು ವರ್ಷದ ಹುಡುಗ, ಬಿಸಿಯೂಟ, ಆಟ, ಸಂಜೆ ನಾಲ್ಕರವರೆಗೆ ಚಿಂತೆಯಿಲ್ಲ. ನೀವು ಕೆಲಸ ಮುಗಿಸಿ ಬರುವಷ್ಟರಲ್ಲಿ ಆರಾಗುತ್ತದೆ ಎಂದರೆ ಬಾಜೂ ಮನೆ ಅವ್ವನವರಿಗೆ ಎರಡು ತಾಸು, ಇಡೀ ದಿನವಲ್ಲ. ಊರ ಪಂಚಾಯಿತಿಯಲ್ಲಿ ಹಗಲು ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಇದ್ದರೆ ಅಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಪಿಡಿಒ ಅವರನ್ನು ಕೇಳಿ. ಅಂಗನವಾಡಿ ಎಂದರೆ ಬರೀ ಹೆಂಗಸರ ಜಾಗ ಎಂದು ಗಂಡಸರು ಒಳಗೆ ಬರಲು ಹಿಂಜರಿಯುವುದನ್ನು ಬಲ್ಲೆ. ನಾನು ಮೇಲ್ವಿಚಾರಕಿಯಾಗಿದ್ದಾಗ ತಾಯಂದಿರ ಸಭೆಯ ದಿನ ಒಬ್ಬಾತ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ಬೇವಿನ ಮರದ ಕೆಳಗೇ ನಿಂತಿದ್ದ. ಕರೆದರೂ ಹೊಸ್ತಿಲು ದಾಟಲಿಲ್ಲ. ಕೊನೆಗೆ ಕಾರ್ಯಕರ್ತೆಯೇ ರಿಜಿಸ್ಟರ್ ಹೊರಗೆ ಒಯ್ದಳು. ‘ತಾಯಿಯ ಸಹಿ’ ಎಂಬ ಅಂಕಣದಲ್ಲಿ ಆತ ಹೆಬ್ಬೆಟ್ಟು ಒತ್ತಿದ, ಪಕ್ಕದಲ್ಲಿ ಆಕೆ ಪೆನ್ಸಿಲಿನಲ್ಲಿ ‘ತಂದೆ’ ಎಂದು ಬರೆದಳು. ಮುಂದಿನ ತಿಂಗಳು ಒಳಗೆ ಬಂದು ಕೂತ. ನೀವು ಮೊದಲ ತಿಂಗಳೇ ಒಳಗೆ ಹೋಗಿ.

ಪ್ರಶ್ನೆ: ಮೇಡಂ, ತುಮಕೂರು ಕಡೆಯವನು, ಆಟೊ ಓಡಿಸ್ತೀನಿ. ಹೆಂಡ್ತಿ ಜಗಳ ಆಡ್ಕೊಂಡು ತವರಿಗೆ ಹೋಗಿ ಎರಡು ವರ್ಷ. ಮಕ್ಕಳು ನನ್ ಹತ್ರನೇ ಇದಾರೆ. ಗೃಹಲಕ್ಷ್ಮಿ ದುಡ್ಡು ಮಾತ್ರ ಅವಳಿಗೆ ಹೋಗ್ತಿದೆ. ನಿಲ್ಲಿಸೋಕೆ ಏನ್ ಮಾಡ್ಬೇಕು?

ಉತ್ತರ: ನಿಲ್ಲಿಸಿದರೆ ಆ ದುಡ್ಡು ನಿಮ್ಮ ಖಾತೆಗೆ ಬರುತ್ತದೆಯೇ? ಇಲ್ಲ. ಆಕೆಗೂ ಇಲ್ಲ, ಮಕ್ಕಳಿಗೂ ಇಲ್ಲ ಎಂದಾಗುತ್ತದೆ. ಅದು ಮಕ್ಕಳ ಪಾಲಿನ ಹಣವಲ್ಲ, ಯಜಮಾನಿಯದು. ಆಕೆಯ ಹೆಸರಿಗೆ ಕೈ ಹಾಕುವ ಬದಲು ಮಕ್ಕಳ ಅಕ್ಕಿ ಯಾರ ಮನೆಗೆ ಬರುತ್ತಿದೆ ನೋಡಿ, ರೇಶನ್ ತಲೆಲೆಕ್ಕದ್ದು. ಕಾರ್ಡ್ ಬೇರೆಯಾಗಲೇಬೇಕು ಎಂದಿದ್ದರೆ ಮಕ್ಕಳು ಯಾರ ಜೊತೆ ಎಂಬುದು ಮೊದಲು ಕಾಗದದ ಮೇಲೆ ಬರಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ರಾಜಿ ಮಾತುಕತೆಗೆ ಅರ್ಜಿ ಕೊಡಿ, ಖರ್ಚಿಲ್ಲ. ಎರಡು ವರ್ಷದಲ್ಲಿ ಆಕೆ ಮಕ್ಕಳನ್ನು ಎಷ್ಟು ಸಲ ನೋಡಿದಳು, ನೋಡಲು ನೀವು ಬಿಟ್ಟಿರಾ ಎಂಬುದನ್ನು ಬರೆದಿಲ್ಲ. ಅಲ್ಲಿ ಅದನ್ನೇ ಮೊದಲು ಕೇಳುತ್ತಾರೆ.

ಪ್ರಶ್ನೆ: ನಮ್ಮ ಯಜಮಾನ್ರು ಗೋವಾದಲ್ಲಿ ಕೆಲಸ. ನನಗೀಗ ಎರಡನೇದು, ಏಳು ತಿಂಗಳು. ಮೊದಲನೇದಕ್ಕೆ ಮಾತೃವಂದನಾ ಐದು ಸಾವಿರ ಬಂದಿತ್ತು. ಎರಡನೇದಕ್ಕೆ ಇಲ್ಲ ಅಂತಾರೆ. ಅವರ ಆಧಾರ್ ಅಲ್ಲೇ ಇದೆ, ತರಿಸಬೇಕಾ?

ಉತ್ತರ: ತರಿಸಬೇಕಾಗಿಲ್ಲ ತಾಯಿ, ಹೊಸ ನಿಯಮದಲ್ಲಿ ಗಂಡನ ಆಧಾರ್ ಕಡ್ಡಾಯವಲ್ಲ. ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಒಂದೇ ಕಂತಿನಲ್ಲಿ ಬರುತ್ತದೆ, ಗಂಡಾದರೆ ಇಲ್ಲ. ಹುಟ್ಟಿದ 270 ದಿನದೊಳಗೆ ಅರ್ಜಿ ಹಾಕಿಸಿ, ಮಗುವಿನ ಲಸಿಕೆ ತಪ್ಪಿಸಬೇಡಿ. ಯಜಮಾನರು ಗೋವಾದಲ್ಲಿ ಅಂಗಡಿಯ ಅಕ್ಕಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದರೆ ಅವರಿಗೆ ಹೇಳಿ: ನಿಮ್ಮ ಇದೇ ರೇಶನ್ ಕಾರ್ಡಿನ ನಂಬರಿನ ಮೇಲೆ ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಅವರು ಎತ್ತಿಕೊಂಡಷ್ಟು ಇಲ್ಲಿ ಕಡಿಮೆಯಾಗುತ್ತದೆ, ಆದ್ದರಿಂದ ತಿಂಗಳ ಮೊದಲೇ ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳಿ.