108ಕ್ಕೆ ಫೋನ್ ಮಾಡಿದರೆ ಯಾವ ರಾಜ್ಯ ಎತ್ತುತ್ತದೆ?

"ಕೇರಳದ ಆಸ್ಪತ್ರೆಗಳಿಗೆ ಅಷ್ಟು ಹೆಸರಿದೆ, ನೀವು ಕಾಸರಗೋಡಿನವರು ಯಾಕೆ ಮಂಗಳೂರಿಗೆ ಓಡ್ತೀರಿ?" ಅಂತ ಬೆಂಗಳೂರಿನ ಗೆಳೆಯ ಕೇಳಿದ. ಜೊತೆಗೆ "ಕೇರಳದವನಾದರೂ ಕನ್ನಡ ಚೆನ್ನಾಗಿ ಬರುತ್ತೆ ನಿಂಗೆ" ಅಂತ ಒಂದು ಸರ್ಟಿಫಿಕೇಟ್ ಬೇರೆ. ಮಾರಾಯ, ಆ ಎರಡನೆಯದಕ್ಕೆ ಇನ್ನೊಮ್ಮೆ ಜಗಳ ಆಡೋಣ.

ಜ್ವರ, ಕೆಮ್ಮು, ಮಕ್ಕಳ ಚುಚ್ಚುಮದ್ದಿಗೆ ಇಲ್ಲಿನ ಸರಕಾರಿ ಆಸ್ಪತ್ರೆಯೇ ಸಾಕು. ಕಷ್ಟ ಇರುವುದು ಗಂಟೆ ಲೆಕ್ಕದ ಕಾಯಿಲೆಗಳಲ್ಲಿ. ಸ್ಟ್ರೋಕ್ ಆದರೆ ಮೊದಲು ಸಿಟಿ ಸ್ಕ್ಯಾನ್ ಮಾಡಿ ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ನೋಡಬೇಕು. ಹೆಪ್ಪುಗಟ್ಟಿದ್ದರೆ ಕರಗಿಸುವ ಇಂಜೆಕ್ಷನ್ 4.5 ಗಂಟೆಯೊಳಗೆ ಕೊಡಬೇಕು. ಮಂಜೇಶ್ವರದಿಂದ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿಗೆ ಸುಮಾರು 100 ಕಿಲೋಮೀಟರ್, ಮಂಗಳೂರಿಗೆ 20ರ ಆಸುಪಾಸು. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ರೋಗಿಗಳನ್ನು ಒಳಗೆ ಸೇರಿಸಿದ್ದು 2020ರಲ್ಲಿ, ಅದೂ ಕೊರೊನಾ ಬಂತು ಅಂತ.

ಅದೇ 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿ ಗಡಿಯಲ್ಲಿ ಆಂಬುಲೆನ್ಸುಗಳನ್ನೂ ವಾಪಸ್ ಕಳಿಸಿತು. ಆಸ್ಪತ್ರೆ ಮುಟ್ಟದೆ ಜನ ಸತ್ತರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. ನವೆಂಬರ್ ಬಂದರೆ "ಗಡಿನಾಡ ಕನ್ನಡಿಗರು" ಅಂತ ಕರೆದು ಶಾಲು ಹೊದಿಸುವುದೂ ಇದೇ ಕರ್ನಾಟಕ. ಶಾಲು ಜಾಸ್ತಿ ಆಗಿದೆ ನಮ್ಮಲ್ಲಿ.

ಇನ್ನು ನಮ್ಮ ಮುಗಿಯದ ಗೋಳು 108. ಎರಡೂ ರಾಜ್ಯಕ್ಕೆ ಒಂದೇ ನಂಬರ್. ಗಡಿಯಲ್ಲಿ ಫೋನ್ ಯಾವ ಟವರ್ ಹಿಡಿಯುತ್ತದೋ ದೇವರಿಗೇ ಗೊತ್ತು. ದೊಡ್ಡಪ್ಪನ ಬಾಯಿ ವಾರೆಯಾದ ರಾತ್ರಿ ಚಾವಡಿಯಿಂದ ಫೋನ್ ಮಾಡಿದೆ. ಅಚ್ಚ ಕನ್ನಡದಲ್ಲಿ ಹುಡುಗಿ ಕೇಳಿದಳು, "ಯಾವ ಜಿಲ್ಲೆ ಸರ್?" ಕಾಸರಗೋಡು ಅಂದೆ. "ಅದು ಕೇರಳ ಅಲ್ವಾ ಸರ್?" ನನಗೂ ಗೊತ್ತು ತಂಗೀ, 1956ರಿಂದ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಅಂಗಳ ದಾಟಿ ಬಾವಿಕಟ್ಟೆ ಹತ್ತಿರ ಹೋಗಿ ಮತ್ತೆ ಒತ್ತಿದೆ. ಈ ಸಲ ಮಲಯಾಳ. ವಿಳಾಸ ಅರ್ಧ ಹೇಳುವಷ್ಟರಲ್ಲಿ ಪಕ್ಕದ ಮನೆಯ ಬ್ಯಾರಿ ಓಮ್ನಿ ತಂದು ನಿಲ್ಲಿಸಿಯೇ ಆಗಿತ್ತು. ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ದೊಡ್ಡಪ್ಪನ ತಲೆ ಮಡಿಲಲ್ಲಿಟ್ಟು ಕೂತರು.

ಮಂಗಳೂರಿನ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, "ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?" ದೊಡ್ಡಮ್ಮ ಥಟ್ಟನೆ "ಎಂಟೂವರೆ ವಾರ್ತೆ ಮುಗಿದಾಗ" ಅಂದರು. ಕೌಂಟರಿನಲ್ಲಿ ಕೇಳಿದ್ದು ಬೇರೆ: "ಕೇರಳ ಕಾರ್ಡಾ? ಇಲ್ಲಿ ನಡೆಯಲ್ಲ, ಅಡ್ವಾನ್ಸ್ ಕಟ್ಟಿ." ಮಲಯಾಳದಲ್ಲಿ ಅಚ್ಚಾದ ಆರೋಗ್ಯ ವಿಮೆ ಕಾರ್ಡನ್ನು ಹುಡುಗ ಉಲ್ಟಾ ಹಿಡಿದು ನೋಡುತ್ತಿದ್ದ. ನಾನು ತುಳುವಿನಲ್ಲಿ ಮಾತು ತೆಗೆದ ಮೇಲೆ ಅವನ ಮುಖ ಸ್ವಲ್ಪ ಸಡಿಲಾಯಿತು. ಅಡ್ವಾನ್ಸ್ ಮಾತ್ರ ಸಡಿಲಾಗಲಿಲ್ಲ.

ಇಂಜೆಕ್ಷನ್ ಹೊತ್ತಿಗೆ ಸಿಕ್ಕಿತು. ದೊಡ್ಡಪ್ಪನ ಎಡಗೈ ಈಗಲೂ ಸ್ವಲ್ಪ ಎಳೆಯುತ್ತದೆ, ಅಡಿಕೆ ಸುಲಿಯುವುದು ಬಿಟ್ಟಿಲ್ಲ. ನಮ್ಮ ಫ್ರಿಜ್ ಮೇಲೆ ಅಂಟಿಸಿದ ಚೀಟಿಯಲ್ಲಿ ಮೊದಲು ಬ್ಯಾರಿಯ ನಂಬರ್ ಇದೆ. 108 ಅದರ ಕೆಳಗೆ.