ಅಟೆನ್‌ಬರೋ ಎಂಬ ಹೆಸರು: ಹುಟ್ಟಿದ್ದೆಲ್ಲಿ, ಇಷ್ಟು ವಿರಳವೇಕೆ?

ಪ್ರಶ್ನೆ: ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರಕ್ಕೆ ದನಿ ಕೊಟ್ಟ ಡೇವಿಡ್ ಅಟೆನ್‌ಬರೋ ಮತ್ತು ‘ಗಾಂಧಿ’ ಸಿನಿಮಾ ನಿರ್ದೇಶಿಸಿದ ರಿಚರ್ಡ್ ಅಟೆನ್‌ಬರೋ ಅಣ್ಣತಮ್ಮಂದಿರು ಎಂದು ಈಚೆಗೆ ತಿಳಿಯಿತು. ಇವರನ್ನು ಬಿಟ್ಟರೆ ಈ ಹೆಸರಿನ ಮತ್ತೊಬ್ಬರನ್ನು ನಾನು ಕೇಳಿಲ್ಲ. ಈ ಸರ್‌ನೇಮ್ ಎಲ್ಲಿಂದ ಬಂತು? ಇಂಗ್ಲೆಂಡಿನಲ್ಲೂ ಅಪರೂಪವೇ? ಈ ಹೆಸರಿನವರೆಲ್ಲ ಒಂದೇ ಮನೆತನದವರೇ? ಹೆಸರು ಅಪರೂಪ ಎಂದರೆ ಅದು ದೊಡ್ಡ ವಂಶ ಎಂದು ಅರ್ಥವೇ?
– ಓದುಗರು, ಶಿವಮೊಗ್ಗ

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಅಪರೂಪದ ಹೆಸರಿಗೂ ದೊಡ್ಡಸ್ತಿಕೆಗೂ ನಂಟಿಲ್ಲ. ಇಂಗ್ಲೆಂಡಿನ ಬಹುಪಾಲು ವಿರಳ ಹೆಸರುಗಳು ರೈತರವು, ಕೂಲಿಯವರವು, ನೇಕಾರರವು. ಅವು ವಿರಳವಾಗಿ ಉಳಿದದ್ದು ಅದೃಷ್ಟದಾಟದಿಂದ. ‘ನಿಮ್ಮ ಸರ್‌ನೇಮಿನ ಲಾಂಛನ’ ಎಂದು ಚೌಕಟ್ಟು ಹಾಕಿಸಿ ಮಾರುವ ಅಂಗಡಿಗಳು ಅಲ್ಲಿ ಬೇಕಾದಷ್ಟಿವೆ. ಇಂಗ್ಲೆಂಡಿನ ಕಾಯಿದೆಯ ಪ್ರಕಾರ ಲಾಂಛನ ದೊರೆಯುವುದು ಒಬ್ಬ ವ್ಯಕ್ತಿಗೆ, ಅವನ ನಂತರ ಅವನ ಸಂತತಿಗೆ. ಒಂದು ಸರ್‌ನೇಮಿಗೆ ಲಾಂಛನ ಅನ್ನುವುದೇ ಇಲ್ಲ. ದುಡ್ಡು ದಂಡ.

ಈಗ ಹೆಸರಿನ ಮೂಲ. ನಾಟಿಂಗ್‌ಹ್ಯಾಮ್ ನಗರದ ನೈಋತ್ಯಕ್ಕೆ, ಟ್ರೆಂಟ್ ನದಿಯ ದಡದಲ್ಲಿ ಅಟೆನ್‌ಬರೋ ಎಂಬ ಊರೇ ಇದೆ. ಹಳೆಯ ಚರ್ಚು, ರೈಲು ನಿಲ್ದಾಣ, ಜಲ್ಲಿ ತೆಗೆದ ಗುಂಡಿಗಳಲ್ಲಿ ನೀರು ನಿಂತು ಆದ ಕೆರೆಗಳ ಸಾಲು. ಆ ಕೆರೆಗಳೇ ಇಂದು ಪಕ್ಷಿಧಾಮ. ಅದನ್ನು 1966ರಲ್ಲಿ ಉದ್ಘಾಟಿಸಿದವರು ಡೇವಿಡ್ ಅಟೆನ್‌ಬರೋ. 17ನೇ ಶತಮಾನದ ಅಂತರ್ಯುದ್ಧದಲ್ಲಿ ರಾಜನ ವಿರುದ್ಧ ಸಂಸತ್ತಿನ ಪರ ಕಾದಿದ ಕ್ರಾಮ್‌ವೆಲ್‌ನ ಅಳಿಯನಾಗಿ, ಸೇನಾನಿಯಾಗಿ ಹೆಸರಾದ ಹೆನ್ರಿ ಐರ್ಟನ್ ಹುಟ್ಟಿದ್ದೂ ಇಲ್ಲೇ, 1611ರಲ್ಲಿ. ಊರಿನ ಹೆಸರನ್ನು ಬಿಡಿಸಿದರೆ ಆಡ್ಡ ಅಥವಾ ಅಂಥದ್ದೇ ಹೆಸರಿನ ಒಬ್ಬ ಆಂಗ್ಲೋ-ಸ್ಯಾಕ್ಸನ್ (1066ಕ್ಕೂ ಹಿಂದಿನ ಇಂಗ್ಲೆಂಡಿನ) ಮನುಷ್ಯನ ‘ಬುರ್ಹ್’, ಅಂದರೆ ಕೋಟೆಮನೆ.

ಇನ್ನೊಂದು ವ್ಯುತ್ಪತ್ತಿಯೂ ಇದೆ. ಮಧ್ಯಯುಗದ ಇಂಗ್ಲಿಷಿನಲ್ಲಿ ‘ಅಟ್ಟೆನ್’ ಎಂದರೆ ‘ಅಲ್ಲಿನ, ಅದರ ಹತ್ತಿರದ’. ಬಾವಿಯ ಹತ್ತಿರದವ ಅಟ್‌ವೆಲ್ ಆದ, ಕಾಡಿನ ಅಂಚಿನವ ಅಟ್‌ವುಡ್ ಆದ. ಆಶ್ ಮರದ ಹತ್ತಿರದವ ‘ಅಟ್ಟೆನ್ ಆಶ್’. ಬಾಯಲ್ಲಿ ಸವೆಯುತ್ತ ಸವೆಯುತ್ತ ಮುಂದಿನ ‘ಅಟ್ಟೆ’ ಉದುರಿ, ಕೊನೆಯ ‘ನ್’ ಮಾತ್ರ ಮರಕ್ಕೆ ಅಂಟಿಕೊಂಡು ‘ನ್ಯಾಶ್’ ಆಯಿತು. ಓಕ್ ಮರಗಳ ಪಕ್ಕದವ ‘ನೋಕ್ಸ್’ ಆದದ್ದೂ ಇದೇ ದಾರಿಯಲ್ಲಿ. ಹಾಗೆ ‘ಅಟ್ಟೆನ್ ಬರೋ’ ಎಂದರೆ ಜಮೀನುದಾರನ ದೊಡ್ಡಮನೆಯ ಬಳಿ ವಾಸವಿದ್ದವ ಎಂದೂ ಆಗಬಹುದು. ನನ್ನ ಒಲವು ಊರಿನ ಕಡೆಗೆ. ಕಾರಣ ಭೂಗೋಳ. ಬುರ್ಹ್ ಇಂಗ್ಲೆಂಡಿನ ಯಾವ ಮೂಲೆಯಲ್ಲೂ ಇತ್ತು. ಆ ಎರಡನೇ ಅರ್ಥವೇ ನಿಜವಾಗಿದ್ದರೆ ಹೆಸರು ನಾಡಿನ ಉದ್ದಗಲಕ್ಕೂ ಚೆಲ್ಲಿರಬೇಕಿತ್ತು. ಆದರೆ 1881ರ ಜನಗಣತಿಯನ್ನು ನಕ್ಷೆಯ ಮೇಲೆ ಗುರುತಿಸಿದರೆ ಅಟೆನ್‌ಬರೋಗಳು ಗುಂಪಾಗಿ ಕಾಣುವುದು ನಾಟಿಂಗ್‌ಹ್ಯಾಮ್‌ಷೈರ್ ಮತ್ತು ಪಕ್ಕದ ಡರ್ಬಿಷೈರ್‌ನಲ್ಲಿ, ಅಂದರೆ ಊರಿನ ಸುತ್ತಮುತ್ತ.

ಊರ ಹೆಸರು ಸರ್‌ನೇಮ್ ಆಗುವುದು ಆ ಊರು ಬಿಟ್ಟವರಿಗೆ. ಹಾವನೂರಿನಲ್ಲೇ ಇರುವವನನ್ನು ಯಾರೂ ‘ಹಾವನೂರ’ ಎಂದು ಕರೆಯುವುದಿಲ್ಲ, ಅವನು ಹುಬ್ಬಳ್ಳಿಗೆ ಬಂದ ಮೇಲೆ ಕರೆಯುತ್ತಾರೆ. ಅಲ್ಲಿಯೂ ಅಷ್ಟೇ. ಪಕ್ಕದ ಊರಿಗೆ ಹೋಗಿ ನೆಲೆಸಿದವನನ್ನು ಲೆಕ್ಕ ಬರೆಯುವವನು ‘ಅಟೆನ್‌ಬರೋದ ಜಾನ್’ ಎಂದು ಬರೆದುಕೊಳ್ಳುತ್ತಿದ್ದ. ಇಂಥ ಗುರುತು ಮಗನಿಗೆ, ಮೊಮ್ಮಗನಿಗೆ ಇಳಿದು ಸ್ಥಿರವಾಗಲು ಹಲವು ತಲೆಮಾರು ಬೇಕಾಯಿತು. 1066ರಲ್ಲಿ ನಾರ್ಮನ್ನರು ಬಂದ ಮೇಲೆ ಮೊದಲು ಜಮೀನುದಾರರಲ್ಲಿ ಶುರುವಾದ ರೂಢಿ ಜನಸಾಮಾನ್ಯರಲ್ಲಿ ಬೇರೂರುವಷ್ಟರಲ್ಲಿ ಸುಮಾರು 1400 ಆಗಿತ್ತು.

ಸಹೋದರರ ತಂದೆ ಫ್ರೆಡರಿಕ್ ಅಟೆನ್‌ಬರೋ 1887ರಲ್ಲಿ ಹುಟ್ಟಿದ್ದು ಸ್ಟೇಪಲ್‌ಫರ್ಡ್‌ನಲ್ಲಿ. ಅದು ಅಟೆನ್‌ಬರೋ ಊರಿನಿಂದ ಕೆಲವೇ ಕಿಲೋಮೀಟರ್. ಐದಾರು ನೂರು ವರ್ಷಗಳಲ್ಲಿ ಹೆಸರು ಹೆಚ್ಚು ದೂರ ಹೋಗಿರಲೇ ಇಲ್ಲ! ಫ್ರೆಡರಿಕ್ ಅವರು ಆಂಗ್ಲೋ-ಸ್ಯಾಕ್ಸನ್ ವಿದ್ವಾಂಸರು. ಆ ಕಾಲದ ರಾಜರ ಕಾನೂನುಗಳನ್ನು ಸಂಪಾದಿಸಿ, ಅನುವಾದಿಸಿ 1922ರಲ್ಲಿ ಪ್ರಕಟಿಸಿದರು. ಅದರಲ್ಲಿ ಬರುವ ಈನೆ ರಾಜನ ಕಾನೂನು ಹೇಳುತ್ತದೆ: ರಾಜನ ಅಥವಾ ಬಿಷಪ್‌ನ ಬುರ್ಹ್ ಒಡೆದು ನುಗ್ಗಿದವನಿಗೆ 120 ಶಿಲಿಂಗ್ ದಂಡ. ತಮ್ಮ ಹೆಸರಿನ ಅರ್ಧಭಾಗ ಕಾನೂನಿನ ಪಾರಿಭಾಷಿಕ ಪದವಾಗಿ ಎದುರಾದಾಗ ಅವರಿಗೆ ಏನನ್ನಿಸಿತೋ ಎಂಬ ಕುತೂಹಲ ನನಗಿದೆ.

ವಿರಳತೆಯ ವಿಚಾರಕ್ಕೆ ಬರೋಣ. ಬ್ರಿಟನ್ನಿನಲ್ಲಿ ಸ್ಮಿತ್‌ಗಳು 5 ಲಕ್ಷಕ್ಕೂ ಹೆಚ್ಚು. ಅಟೆನ್‌ಬರೋಗಳು ಅದರ ಶೇಕಡಾ ಒಂದರಷ್ಟೂ ಇಲ್ಲ. ಸ್ಮಿತ್ ಎಂದರೆ ಕಮ್ಮಾರ. ಪ್ರತಿ ಊರಿಗೂ ಒಬ್ಬ ಕಮ್ಮಾರನಿದ್ದ, ಹಾಗಾಗಿ ಆ ಹೆಸರು ಸಾವಿರ ಕಡೆ ಸ್ವತಂತ್ರವಾಗಿ ಹುಟ್ಟಿತು. ಒಂದೇ ಸಣ್ಣ ಊರಿನಿಂದ ಹೊರಟ ಹೆಸರು ಒಂದೋ ಎರಡೋ ಮನೆಯಿಂದ ಬೆಳೆಯಬೇಕು. ಹಾಗೆ ಬೆಳೆಯುವುದೇ ಕಷ್ಟ.

ಎಷ್ಟು ಕಷ್ಟ ಎಂದು ಲೆಕ್ಕ ಕೇಳಿ ಹೆಸರಾದವನು ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. ಕೇಳಿದ್ದೂ ‘ಎಜುಕೇಷನಲ್ ಟೈಮ್ಸ್’ ಪತ್ರಿಕೆಯ ಪ್ರಶ್ನೆಗಳ ಅಂಕಣದಲ್ಲಿ, 1873ರಲ್ಲಿ. ನಿಮ್ಮ ಪ್ರಶ್ನೆಗೆ ಅಂಥ ಪೂರ್ವಜರಿದ್ದಾರೆ! ಹೆಸರುವಾಸಿ ಮನೆತನಗಳು ಅಳಿಯುತ್ತಿರುವುದು ಸಂತಾನಶಕ್ತಿ ಕುಗ್ಗಿದ್ದರಿಂದಲೋ, ಬರೀ ಆಕಸ್ಮಿಕವೋ ಎಂಬುದು ಅವನ ತಲೆ ಕೊರೆಯುತ್ತಿದ್ದ ವಿಚಾರ. ಗಣಿತ ಬಲ್ಲ ಪಾದ್ರಿ ಹೆನ್ರಿ ವಿಲಿಯಂ ವಾಟ್ಸನ್ ಉತ್ತರ ಕಳಿಸಿದ. ಇಬ್ಬರ ಹೆಸರಿನಲ್ಲೂ ಆ ಲೆಕ್ಕ ಇಂದಿಗೂ ಗಣಿತದ ಪಠ್ಯಗಳಲ್ಲಿದೆ.

ಬೆರಳಲ್ಲೇ ಹಾಕಿ ನೋಡಿ. ನೂರು ಗಂಡಸರು, ನೂರು ಬೇರೆ ಬೇರೆ ಸರ್‌ನೇಮ್. ಸರಾಸರಿ ತಲೆಗೊಬ್ಬ ಮಗ. ಆದರೆ ಸರಾಸರಿ ಎಂದರೆ ಸಮಪಾಲಲ್ಲ: ಒಬ್ಬನಿಗೆ ಮೂವರು ಗಂಡುಮಕ್ಕಳು, ಇನ್ನೊಬ್ಬನಿಗೆ ಹೆಣ್ಣುಮಕ್ಕಳೇ, ಮತ್ತೊಬ್ಬನಿಗೆ ಮಕ್ಕಳೇ ಇಲ್ಲ. ಮಕ್ಕಳ ಹಂಚಿಕೆ ಹೀಗೆ ಯದ್ವಾತದ್ವಾ ಆದಾಗ ಸುಮಾರು 37 ಮಂದಿಗೆ ಗಂಡುಸಂತಾನ ಇರುವುದಿಲ್ಲ. ಮೊದಲ ತಲೆಮಾರಿಗೇ 37 ಹೆಸರು ಹೋದವು. ಎರಡನೆಯದಕ್ಕೆ 53, ಮೂರನೆಯದಕ್ಕೆ 62–63. ಜನಸಂಖ್ಯೆ ಒಂದಿನಿತೂ ಇಳಿಯದೆ, ಯುದ್ಧ–ರೋಗ ಯಾವುದೂ ಇಲ್ಲದೆ ನಡೆಯುವ ಸಂಗತಿ ಇದು. ಕಾಲಕ್ರಮದಲ್ಲಿ ಎಲ್ಲ ಹೆಸರೂ ಅಳಿಯುತ್ತವೆ ಎಂದು ವಾಟ್ಸನ್ ಹೇಳಿದ್ದು ತಪ್ಪು. ಜನಸಂಖ್ಯೆ ಏರುತ್ತಿದ್ದರೆ ಕೆಲವು ಹೆಸರು ಗಟ್ಟಿಯಾಗಿ ಉಳಿದುಬಿಡುತ್ತವೆ. ಉಳಿಯುವುದು ಯಾವುದು ಎಂಬುದು ಮಾತ್ರ ಲಾಟರಿ.

ಇದರ ಮೇಲೆ 1348–49ರ ಮಹಾಮಾರಿ ಪ್ಲೇಗ್. ಇಂಗ್ಲೆಂಡಿನ ಮೂರನೇ ಒಂದರಿಂದ ಅರ್ಧದಷ್ಟು ಜನ ಸತ್ತರು. ಸಾಮಾನ್ಯರ ಹೆಸರುಗಳು ಆಗಷ್ಟೇ ಬೇರುಬಿಡುತ್ತಿದ್ದ ಹೊತ್ತು ಅದು. ದಾಖಲೆಯಲ್ಲಿ ಒಂದೇ ಸಲ ಕಂಡು ಮಾಯವಾದ ಹೆಸರುಗಳಿಗೆ ಲೆಕ್ಕವಿಲ್ಲ. ಸತ್ತಂತೆ ಕಂಡು ವೇಷ ಮರೆಸಿಕೊಂಡವೂ ಇವೆ: ಬರೆಯುವವನ ಕಿವಿಗೆ ಕೇಳಿದಂತೆ ಅಟೆನ್‌ಬರೋ ಅಟೆನ್‌ಬರ್ರೋ ಆಗುತ್ತದೆ, ಮುಂದಿನ ತಲೆಮಾರು ಅದನ್ನೇ ಹಿಡಿದುಕೊಳ್ಳುತ್ತದೆ. ದುಡ್ಡಿದ್ದವರು ಮಾತ್ರ ಹೆಸರನ್ನು ಕೊಂಡು ಉಳಿಸಿಕೊಳ್ಳಬಹುದಿತ್ತು. ‘ನನ್ನ ಹೆಸರಿಟ್ಟುಕೊಂಡರೆ ಆಸ್ತಿ ನಿನಗೆ’ ಎಂದು ಉಯಿಲಿನಲ್ಲಿ ಷರತ್ತು ಹಾಕುವುದು ಅಲ್ಲಿ ಮಾಮೂಲಾಗಿತ್ತು. ಕಾದಂಬರಿಗಾರ್ತಿ ಜೇನ್ ಆಸ್ಟನ್‌ಳ ಅಣ್ಣ ಎಡ್ವರ್ಡ್ ಮಕ್ಕಳಿಲ್ಲದ ನೆಂಟರ ಆಸ್ತಿಗೆ ವಾರಸುದಾರನಾಗಿ, 1812ರಲ್ಲಿ ಆಸ್ಟನ್ ಬಿಟ್ಟು ನೈಟ್ ಆದ.

ಈಗ ನಿಮ್ಮ ಒಳ್ಳೆಯ ಪ್ರಶ್ನೆ: ಅಟೆನ್‌ಬರೋಗಳೆಲ್ಲ ಒಂದೇ ಮನೆತನವೇ? ಇದಕ್ಕೆ ಪ್ರಯೋಗಾಲಯದ ಉತ್ತರವೇ ಇದೆ. ಸರ್‌ನೇಮಿನ ಹಾಗೆ ವೈ ಕ್ರೋಮೊಸೋಮ್ ಕೂಡ ತಂದೆಯಿಂದ ಮಗನಿಗಷ್ಟೇ ಹೋಗುತ್ತದೆ. ಎರಡೂ ಜೊತೆಯಾಗಿ ಸಾಗಿವೆಯೇ ಎಂದು ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. 40 ಸರ್‌ನೇಮ್‌ಗಳ 1,678 ಗಂಡಸರ ಡಿಎನ್ಎ. ಸ್ಮಿತ್‌ಗಳ ನಡುವೆ ಹೋಲಿಕೆ ದಾರಿಹೋಕರ ನಡುವಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. ಆದರೆ ಅಟೆನ್‌ಬರೋಗಳಲ್ಲಿ ಶೇ 70ಕ್ಕೂ ಹೆಚ್ಚು ಮಂದಿಯ ವೈ ಕ್ರೋಮೊಸೋಮ್ ಒಂದೇ, ಇಲ್ಲವೇ ಬಹುತೇಕ ಒಂದೇ. ಅಂದಹಾಗೆ, ಈ ವಿಶ್ವವಿದ್ಯಾಲಯ ಬೆಳೆದದ್ದು ಫ್ರೆಡರಿಕ್ ಅಟೆನ್‌ಬರೋ 1932ರಿಂದ 1951ರವರೆಗೆ ಪ್ರಾಂಶುಪಾಲರಾಗಿದ್ದ ಕಾಲೇಜಿನಿಂದಲೇ. ಅಲೆಕ್ ಜೆಫ್ರಿಸ್ 1984ರಲ್ಲಿ ಡಿಎನ್ಎ ಬೆರಳಚ್ಚು ಕಂಡುಹಿಡಿದದ್ದೂ ಅಲ್ಲಿಯೇ.

ಹಾಗೆಂದು ‘ಮೂಲಪುರುಷ ಒಬ್ಬನೇ’ ಎಂದು ಷರಾ ಬರೆದುಬಿಡಬೇಡಿ. ಮೊದಲು ಮೂರು ನಾಲ್ಕು ಅಟೆನ್‌ಬರೋ ಮನೆಗಳಿದ್ದು, ಗಾಲ್ಟನ್‌ನ ಲಾಟರಿಯಲ್ಲಿ ಒಂದು ಮಾತ್ರ ಗೆದ್ದು ಹಬ್ಬಿದರೂ ಇಂದಿನ ಡಿಎನ್ಎ ಹೀಗೇ ಕಾಣುತ್ತದೆ. ಉಳಿದ ಶೇ 30ರೊಳಗಿನವರು ಯಾರು? ದತ್ತು ಬಂದವರು, ತಾಯಿಯ ಕಡೆಯ ಹೆಸರಿಟ್ಟುಕೊಂಡವರು, ಮದುವೆಯ ಹೊರಗೆ ಹುಟ್ಟಿದವರು, ಆಸ್ತಿಗಾಗಿ ಹೆಸರು ಬದಲಿಸಿದವರು. ಇಂಥ ತಪ್ಪುದಾರಿ ತಲೆಮಾರಿಗೆ ಸುಮಾರು ಶೇ 1ರಿಂದ 4.5 ಎಂದು ಅದೇ ಅಧ್ಯಯನದ ಅಂದಾಜು. ಕಡಿಮೆ ಅನ್ನಿಸಬಹುದು, ಆದರೆ ಇಪ್ಪತ್ತು ತಲೆಮಾರಿಗೆ ಕೂಡುತ್ತ ಹೋಗಿ. ರಾಜರ ಮನೆಯೂ ಇದಕ್ಕೆ ಹೊರತಲ್ಲ. ಲೆಸ್ಟರ್‌ನ ಕಾರ್ ಪಾರ್ಕಿಂಗ್ ಜಾಗದಡಿ 2012ರಲ್ಲಿ ಸಿಕ್ಕ ಮೂರನೇ ರಿಚರ್ಡ್‌ನ ಅಸ್ಥಿಯನ್ನು ಇದೇ ಟೂರಿ ಕಿಂಗ್ ಪರೀಕ್ಷಿಸಿದಾಗ, ಇಂದು ಬದುಕಿರುವ ಅವನ ವಂಶದ ನೆಂಟರ ಜೊತೆ ತಾಯಿಯ ಕಡೆಯ ಡಿಎನ್ಎ ತಾಳೆಯಾಯಿತು, ಗಂಡುಸಾಲಿನದು ಆಗಲಿಲ್ಲ. ನಡುವೆ ಎಲ್ಲೋ ವಂಶವೃಕ್ಷ ಹೇಳದ ಒಬ್ಬ ತಂದೆ ಇದ್ದಾನೆ.

ಇನ್ನೂ ಸೋಜಿಗದ್ದು 2007ರಲ್ಲಿ ಇದೇ ತಂಡಕ್ಕೆ ಸಿಕ್ಕಿತು. ಯಾರ್ಕ್‌ಷೈರ್ ಮೂಲದ ಒಂದು ವಿರಳ ಸರ್‌ನೇಮಿನ 18 ಗಂಡಸರಲ್ಲಿ 7 ಮಂದಿಗೆ ಪಶ್ಚಿಮ ಆಫ್ರಿಕಾದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದಂಥ ವೈ ಕ್ರೋಮೊಸೋಮ್. ನೋಡಲು ಅಪ್ಪಟ ಯಾರ್ಕ್‌ಷೈರ್ ಬಿಳಿಯರು. ವಂಶಾವಳಿ ಹಿಡಿದು ಹೋದರೆ 18ನೇ ಶತಮಾನದ ಕೊನೆಯವರೆಗೂ ಎಲ್ಲರೂ ಅಲ್ಲಿಯವರೇ. ಆಫ್ರಿಕಾದ ಆ ಪೂರ್ವಜ ಅದಕ್ಕೂ ಹಿಂದಿನವನು. ಹೆಸರು ವಿರಳವಾಗಿದ್ದರಿಂದಲೇ ಇದು ಬೆಳಕಿಗೆ ಬಂತು. ಸ್ಮಿತ್‌ಗಳಲ್ಲಿ ಹೀಗಾಗಿದ್ದರೆ ಯಾವ ಎಳೆ ಹಿಡಿದು ಹುಡುಕುವುದು?

ವಿರಳ ಹೆಸರಿನ ಲಾಭ ಅದೇ. ಇಂಗ್ಲೆಂಡಿನಲ್ಲಿ ಚರ್ಚಿನ ಹುಟ್ಟು–ಮದುವೆ–ಸಾವಿನ ಪುಸ್ತಕಗಳು 1538ರಿಂದ, ಸರ್ಕಾರಿ ನೋಂದಣಿ 1837ರಿಂದ ಶುರು. ಒಂದೇ ಹೆಸರನ್ನು ಹಿಡಿದು ಈ ಎಲ್ಲ ಕಡತಗಳಲ್ಲಿ ಬಿದ್ದು ಹುಡುಕುವವರ ಸಂಘವೇ, ಗಿಲ್ಡ್ ಆಫ್ ಒನ್-ನೇಮ್ ಸ್ಟಡೀಸ್, 1979ರಿಂದ ಇದೆ.

ಪ್ರಶ್ನೆ: ಹಾಗಾದರೆ ನಮ್ಮ ಕಬ್ಬನ್ ಪಾರ್ಕಿನ ‘ಕಬ್ಬನ್’ ಕೂಡ ಅಪರೂಪದ ಇಂಗ್ಲಿಷ್ ಹೆಸರೇ?
– ಓದುಗರು, ಬೆಂಗಳೂರು

ಉತ್ತರ: ಅಪರೂಪ ಹೌದು, ಇಂಗ್ಲಿಷ್ ಅಲ್ಲ. ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ 1775ರಲ್ಲಿ ಹುಟ್ಟಿದ್ದು ಐಲ್ ಆಫ್ ಮ್ಯಾನ್ ದ್ವೀಪದ ಮಾಹಲ್ಡ್ ಎಂಬಲ್ಲಿ. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಆ ದ್ವೀಪ ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟಿದೆ. ಅಲ್ಲಿನ ಮೂಲಭಾಷೆ ಐರಿಷ್‌ಗೆ ದಾಯಾದಿಯಾದ ಮ್ಯಾಂಕ್ಸ್. ಸ್ಕಾಟರಂತೆ ಅವರೂ ಹೆಸರಿನ ಮುಂದೆ ‘ಮ್ಯಾಕ್’, ಅಂದರೆ ‘ಮಗ’, ಎಂದು ಹಚ್ಚುತ್ತಿದ್ದರು. 16ನೇ ಶತಮಾನದ ಆರಂಭದ ದಾಖಲೆಗಳಲ್ಲಿ ಅದು ಇದೆ, 17ನೆಯದರ ಹೊತ್ತಿಗೆ ಉದುರಿದೆ. ಪೂರ್ತಿ ಉದುರಲಿಲ್ಲ, ಕೊನೆಯ ‘ಕ್’ ಮುಂದಿನ ಹೆಸರಿಗೆ ಅಂಟಿಕೊಂಡಿತು. ಮ್ಯಾಕ್ ವಿಲಿಯಂ ಕ್ವಿಲಿಯಂ ಆದದ್ದು ಹಾಗೆ. ಆ ದ್ವೀಪದ ಹೆಸರುಗಳಲ್ಲಿ ಕ್ವೇಲ್, ಕರ್ಮೋಡ್, ಕಾರ್ಲೆಟ್ ಎಂದು ಕಕಾರದ್ದೇ ದರ್ಬಾರು. ಕಬ್ಬನ್ ಎಂಬುದನ್ನು ವಿದ್ವಾಂಸರು ‘ಮ್ಯಾಕ್ ಗಿಬ್ಬನ್’ ಎಂದು ಬಿಡಿಸುತ್ತಾರೆ. ಗಿಬ್ಬನ್ ಎಂದರೆ ಗಿಲ್ಬರ್ಟ್ ಎಂಬುದರ ಮುದ್ದಿನ ರೂಪ.

ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ, ಆಗಿದ್ದ, ದಕ್ಷಿಣ ಭಾರತದ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಕಬ್ಬನ್‌ನ ಸೋದರಮಾವ, ಅವನೂ ಅದೇ ದ್ವೀಪದವನು. ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದು, ಊರಿಗೆ ಹೊರಟವನು ಸೂಯೆಜ್‌ನಲ್ಲಿ ತೀರಿಕೊಂಡ. ಇವತ್ತು ದ್ವೀಪದ ಹೊರಗೆ ಕಬ್ಬನ್‌ಗಳನ್ನು ಹುಡುಕುವವರು ಮೊದಲು ಲಿವರ್‌ಪೂಲ್ ಸುತ್ತಮುತ್ತ ನೋಡಬೇಕು. ಕೆಲಸ ಹುಡುಕಿ ಹೊರಟ ಮ್ಯಾಂಕ್ಸ್ ಜನಕ್ಕೆ ಹತ್ತಿರದ ದೊಡ್ಡ ಬಂದರು ಅದೇ ಆಗಿತ್ತು.